ಡಬ್ಬಿಯ ತೂಕ ಯಾರ ಲೆಕ್ಕಕ್ಕೆ?

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 19 ಕಿಲೋಮೀಟರ್, 16 ನಿಲ್ದಾಣ. ಮೊದಮೊದಲು ಓಡಿದ್ದು ಮೂರೇ ರೈಲು, ಅದೂ 25 ನಿಮಿಷಕ್ಕೊಂದು. ಆದರೂ ರಾಗಿಗುಡ್ಡದಲ್ಲೋ ಬಿಟಿಎಂ ಲೇಔಟ್‌ನಲ್ಲೋ ಹತ್ತಿದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನು ಮೇಲಿನಿಂದ ನೋಡುವ ಸುಖ ಸಿಕ್ಕಿತು. ಸೀಟು ಸಿಕ್ಕವರು ಲ್ಯಾಪ್‌ಟಾಪ್ ತೆರೆಯುತ್ತಾರೆ, ಫೋನಿನ ಹಾಟ್‌ಸ್ಪಾಟ್ ಆನ್ ಮಾಡುತ್ತಾರೆ, ಕಂಪನಿಯ ವಿಪಿಎನ್‌ಗೆ ಲಾಗಿನ್ ಆಗುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಬರುವಷ್ಟರಲ್ಲಿ ದಿನದ ಡೇಟಾ ಅರ್ಧ ಮುಗಿಯಿತೆಂದು ಮೆಸೇಜು. ಪಕ್ಕದಲ್ಲಿ ಕೂತ ಗೆಳೆಯನ ಸಲಹೆ ಸಿದ್ಧವಾಗಿರುತ್ತದೆ: "ಮಗಾ, ವಿಪಿಎನ್ ಆಫ್ ಮಾಡೋ. ಅದೇ ನೆಟ್ ತಿಂತಿರೋದು."

ತಿನ್ನುತ್ತದೆ, ನಿಜ. ಎಷ್ಟು ತಿನ್ನುತ್ತದೆ ಎಂಬ ಅಂದಾಜಿನಲ್ಲಿ ಗೆಳೆಯ ತಪ್ಪಿದ್ದಾನೆ, ಅಷ್ಟೆ. ಸರಿಯಾಗಿ ಕಟ್ಟಿದ ಒಂದು ವಿಪಿಎನ್ ನೂರಕ್ಕೆ ಐದರಿಂದ ಎಂಟರಷ್ಟು ಡೇಟಾ ಹೆಚ್ಚಿಗೆ ತೆಗೆದುಕೊಳ್ಳುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರು ಬೆಳಗಿನಿಂದ ರಾತ್ರಿವರೆಗೆ ವಿಪಿಎನ್ ಹಾಕಿಕೊಂಡೇ ಇದ್ದು ಪೂರ್ತಿ ಪ್ಯಾಕ್ ಖಾಲಿ ಮಾಡಿದರೂ ಅದರ ಪಾಲಿಗೆ ಹೋಗುವುದು 70ರಿಂದ 115 ಎಂಬಿ. ಸಾಧಾರಣ 480ಪಿ ವೀಡಿಯೊ ಸೆಕೆಂಡಿಗೆ ಒಂದು ಮೆಗಾಬಿಟ್ ಎಂದು ಹಿಡಿದರೆ ಗಂಟೆಗೆ 450 ಎಂಬಿ ಆಗುತ್ತದೆ. ಅಂದರೆ ಇಡೀ ದಿನದ ವಿಪಿಎನ್ ಖರ್ಚು ಹತ್ತು, ಹದಿನೈದು ನಿಮಿಷದ ವೀಡಿಯೊಗೆ ಸಮ. ಬೆಳಿಗ್ಗೆ ಒಂಬತ್ತೂವರೆಗೇ ಅರ್ಧ ಪ್ಯಾಕ್ ಕರಗಿದ್ದರೆ ಕಳ್ಳ ಬೇರೆ ಇದ್ದಾನೆ. ಅವನನ್ನು ಹಿಡಿಯುವ ಮೊದಲು ಈ ಐದು, ಎಂಟರ ಲೆಕ್ಕ ಎಲ್ಲಿಂದ ಬಂತೆಂದು ನೋಡಿಬಿಡೋಣ.

ಫೋನಿನಿಂದ ಹೊರಡುವ ಮಾಹಿತಿ ಇಡಿಯಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ 1500 ಬೈಟ್ ಮೀರದ ಪ್ಯಾಕೆಟ್‌ಗಳಾಗಿ ತುಂಡಾಗಿ ಹೋಗುತ್ತದೆ. ಪ್ರತಿ ಪ್ಯಾಕೆಟ್‌ನ ತಲೆಯ ಮೇಲೂ ಎಲ್ಲಿಂದ ಎಲ್ಲಿಗೆ ಎಂಬ ವಿಳಾಸ ಇರುತ್ತದೆ. ವಿಪಿಎನ್ ಈ ಪ್ಯಾಕೆಟನ್ನು ವಿಳಾಸದ ಸಮೇತ ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಪ್ಯಾಕೆಟ್‌ನ ಒಳಗಿಟ್ಟು, ಹೊರಗಡೆ ತನ್ನ ಸರ್ವರ್‌ನ ವಿಳಾಸ ಬರೆಯುತ್ತದೆ. ಇದನ್ನೇ ಸುರಂಗ ಎನ್ನುವುದು. ನಡುವಿನ ಮೊಬೈಲ್ ಕಂಪನಿಗೆ ಹೊರಗಿನ ವಿಳಾಸವಷ್ಟೇ ಕಾಣುತ್ತದೆ.

ಗೂಢಲಿಪಿ ಮಾಡುವುದರಿಂದ ಮಾಹಿತಿ ಉಬ್ಬುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಉಬ್ಬುವುದಿಲ್ಲ. ಸಾವಿರ ಬೈಟ್ ಒಳಗೆ ಹಾಕಿದರೆ ಸಾವಿರ ಬೈಟಿನಷ್ಟೇ ಅರ್ಥವಾಗದ ಅಕ್ಷರ ಹೊರಗೆ ಬರುತ್ತದೆ. ಹೆಚ್ಚಾಗುವುದು ಹೊದಿಕೆ. ಇವತ್ತು ಹೆಚ್ಚು ಚಲಾವಣೆಯಲ್ಲಿರುವ ವೈರ್‌ಗಾರ್ಡ್ ಎಂಬ ಪ್ರೋಟೊಕಾಲನ್ನೇ ತೆಗೆದುಕೊಳ್ಳಿ. ಜೇಸನ್ ಡೊನೆನ್‌ಫೆಲ್ಡ್ ಬರೆದದ್ದು, 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನಲ್‌ನ ಒಳಗೇ ಸೇರಿತು. ಅದರ ಹೊದಿಕೆಯಲ್ಲಿ ಹೊಸ ವಿಳಾಸಕ್ಕೆ 20 ಬೈಟ್, ಸಾಗಣೆಯ ಚೀಟಿಗೆ 8, ವೈರ್‌ಗಾರ್ಡ್‌ನ ಸ್ವಂತ ತಲೆಬರಹಕ್ಕೆ 16, ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದು ತೋರಿಸುವ ಮುದ್ರೆಗೆ 16. ಒಟ್ಟು 60 ಬೈಟ್. ಐಪಿವಿ6 ದಾರಿಯಲ್ಲಿ ವಿಳಾಸಗಳು ಉದ್ದವಾದ್ದರಿಂದ 80. ವೈರ್‌ಗಾರ್ಡ್ ಮಾಮೂಲಿಯಾಗಿ ಒಂದು ಪ್ಯಾಕೆಟ್‌ನಲ್ಲಿ 1420 ಬೈಟ್ ಸರಕು ತುಂಬುತ್ತದೆ. 1420ಕ್ಕೆ 60 ಅಥವಾ 80 ಎಂದರೆ ಶೇ 4ರಿಂದ 6. ಅದರ ಜೊತೆಗೆ, ಬಂದ ಸರಕಿಗೆ "ತಲುಪಿತು" ಎಂದು ಫೋನ್ ಹಿಂದಕ್ಕೆ ಕಳಿಸುತ್ತಲೇ ಇರುವ ಪುಟ್ಟ ರಸೀದಿಗಳಿಗೂ ಇದೇ ಹೊದಿಕೆ ಬೀಳುತ್ತದೆ. ಹೀಗೆ ಐದರಿಂದ ಎಂಟು.

ಸಿಹಿ ಅಂಗಡಿಯಲ್ಲಿ ಮೈಸೂರುಪಾಕನ್ನು ರಟ್ಟಿನ ಡಬ್ಬಿಯ ಸಮೇತ ತೂಗಿಸಿಕೊಂಡು ಬಂದವರಿಗೆ ಈ ಲೆಕ್ಕ ಹೊಸದಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆ ಕೂಡದು ಎಂದರೂ ಹಬ್ಬದ ಗದ್ದಲದಲ್ಲಿ ಅದು ನಡೆದೇ ಇರುತ್ತದೆ. ಒಂದು ಕೆಜಿ ತೆಗೆದುಕೊಂಡವರಿಗೆ ಡಬ್ಬಿಯ ತೂಕ ಗೊತ್ತೇ ಆಗುವುದಿಲ್ಲ. ನೂರು ಗ್ರಾಂ ಕೊಂಡವರಿಗೆ ಮಾತ್ರ ಡಬ್ಬಿಯೇ ಭಾರ. ಮೊಬೈಲ್ ಕಂಪನಿಯ ತಕ್ಕಡಿ ಕೂಡ ಡಬ್ಬಿ ಸಮೇತ ತೂಗುತ್ತದೆ. ಒಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ, ಎಷ್ಟು ಭಾರ ಎಂಬುದು ಮಾತ್ರ ಕಾಣುತ್ತದೆ. ವಿಪಿಎನ್ ಹಾಕಿದರೆ ಡೇಟಾ ಲೆಕ್ಕಕ್ಕೇ ಬರುವುದಿಲ್ಲ ಎಂಬ ಇನ್ನೊಂದು ಗಾಳಿಮಾತು ಇಲ್ಲಿಗೆ ಸುಳ್ಳಾಗುತ್ತದೆ.

ತಮಾಷೆಯೆಂದರೆ, ವಿಪಿಎನ್ ಇಲ್ಲದಿದ್ದರೂ ನಿಮ್ಮ ಮೊಬೈಲ್ ಡೇಟಾ ಸುರಂಗದಲ್ಲೇ ಓಡುತ್ತಿರುತ್ತದೆ. ಬನಶಂಕರಿಯ ಯಾವುದೋ ಟವರ್‌ನಿಂದ ಕಂಪನಿಯ ಕೇಂದ್ರ ಗೇಟ್‌ವೇವರೆಗೆ ನಿಮ್ಮ ಪ್ಯಾಕೆಟ್ಟುಗಳು ಜಿಟಿಪಿ ಎಂಬ ಹೊದಿಕೆಯೊಳಗೇ ಪ್ರಯಾಣ ಮಾಡುತ್ತವೆ. ನೀವು ಮೆಟ್ರೊದಲ್ಲಿ ಟವರ್‌ನಿಂದ ಟವರ್‌ಗೆ ಹಾರಿದರೂ ಸಂಪರ್ಕ ಕಡಿಯದೆ ಇರುವುದು ಆ ಏರ್ಪಾಟಿನಿಂದ. ಆ ಹೊದಿಕೆಯೂ ಪ್ಯಾಕೆಟ್‌ಗೆ 36 ಬೈಟ್ ಆಸುಪಾಸು ತೂಗುತ್ತದೆ. ಆದರೆ ಕಂಪನಿ ನಿಮ್ಮ ಡೇಟಾ ಎಣಿಸುವುದು ಗೇಟ್‌ವೇಯಲ್ಲಿ, ಆ ಹೊದಿಕೆ ಬಿಚ್ಚಿದ ಮೇಲೆ. ಅವರ ಡಬ್ಬಿ ಅವರ ಖರ್ಚು, ನಿಮ್ಮ ಡಬ್ಬಿ ನಿಮ್ಮ ಖರ್ಚು. ನ್ಯಾಯವಾಗಿಯೇ ಇದೆ.

ಸುಮ್ಮನೆ ಆನ್ ಮಾಡಿಟ್ಟ ವಿಪಿಎನ್ ರಾತ್ರಿಯೆಲ್ಲ ಡೇಟಾ ಹೀರುತ್ತದೆಂಬ ಭಯವನ್ನೂ ಬಿಡಬಹುದು. "ನಾನಿನ್ನೂ ಇದ್ದೇನೆ" ಎಂದು ಸರ್ವರ್‌ಗೆ ಆಗಾಗ ಹೇಳಲು ವೈರ್‌ಗಾರ್ಡ್ 25 ಸೆಕೆಂಡಿಗೊಮ್ಮೆ 60 ಬೈಟ್‌ನ ಒಂದು ಪ್ಯಾಕೆಟ್ ಕಳಿಸುವಂತೆ ಇಟ್ಟುಕೊಂಡರೂ ದಿನಕ್ಕೆ ಆಗುವುದು 3,456 ಪ್ಯಾಕೆಟ್, ಸುಮಾರು 200 ಕೆಬಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಹೆಚ್ಚೇನಲ್ಲ. ಹಳೆಯ ಓಪನ್‌ವಿಪಿಎನ್ ಬಗೆಯವು ಇಷ್ಟು ಮಿತವ್ಯಯಿಗಳಲ್ಲ. ಅದರಲ್ಲೂ ತಲುಪದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಟಿಸಿಪಿ ಪದ್ಧತಿಯ ಮೇಲೆ ಓಡಿಸಿದರೆ ತೊಂದರೆ: ಸಿಗ್ನಲ್ ಕೈಕೊಟ್ಟಾಗ ಒಳಗಿನ ಪ್ಯಾಕೆಟ್ಟೂ ಮತ್ತೆ ಕಳಿಸು ಎನ್ನುತ್ತದೆ, ಹೊರಗಿನದೂ ಮತ್ತೆ ಕಳಿಸು ಎನ್ನುತ್ತದೆ. ಎರಡು ಸಲ ಕಳಿಸಿದ್ದು ಎರಡು ಸಲವೂ ನಿಮ್ಮ ಲೆಕ್ಕಕ್ಕೇ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಸುರಿಯುವ ಮಳೆಗೆ ಕೊಡೆ ಹಿಡಿದು ನಿಂತ ಅಪ್ಪ, ಕೊಡೆಯ ಕೆಳಗೆ ಆನ್‌ಲೈನ್ ತರಗತಿ ಕೇಳುತ್ತಿದ್ದ ಮಗಳ ಚಿತ್ರ ಎಲ್ಲ ಕಡೆ ಹರಿದಾಡಿತ್ತಲ್ಲ, ಅಂಥ ಸಿಗ್ನಲ್ಲಿನಲ್ಲಿ ಕೂತು ಕಂಪನಿಯ ಓಪನ್‌ವಿಪಿಎನ್ ಹಚ್ಚಿದವರಿಗೆ ಇದರ ರುಚಿ ಗೊತ್ತು.

ಇನ್ನು ನೂರು ಗ್ರಾಂ ಗಿರಾಕಿಗಳ ವಿಷಯ. ಮೊಬೈಲ್‌ನಲ್ಲಿ ಅಂಥ ಗಿರಾಕಿ ಎಂದರೆ ಧ್ವನಿ ಕರೆ. ಇಂಟರ್ನೆಟ್ ಮೂಲಕ ಮಾತಾಡುವಾಗ ದನಿಯನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ನಂತೆ ಕಳಿಸುವುದು ರೂಢಿ. ಒಂದೊಂದೂ ವಿಳಾಸ ಸೇರಿ ನೂರು ಬೈಟ್ ಎಂದಿಟ್ಟುಕೊಳ್ಳಿ. ಅದಕ್ಕೆ 60 ಬೈಟಿನ ಡಬ್ಬಿ. ಒಂದು ಗಂಟೆ ಮಾತಾಡಿದರೆ ಹೋಗುವುದು ಬರುವುದು ಸೇರಿ 36 ಎಂಬಿ ಆಗಬೇಕಾದದ್ದು ಹತ್ತಿರ ಹತ್ತಿರ 60 ಎಂಬಿ ಆಗುತ್ತದೆ. ಶೇಕಡಾವಾರು ನೋಡಿದರೆ ಗಾಬರಿ, ಎಂಬಿ ನೋಡಿದರೆ ಏನೂ ಇಲ್ಲ. ಒಂದು ಗಂಟೆ ಎಚ್‌ಡಿ ಸಿನಿಮಾ ಒಂದು ಜಿಬಿ ದಾಟಿದಾಗ ಅದರ ಮೇಲೆ ಬೀಳುವ ಐದೇ ಶೇಕಡಾ ಈ ಕರೆಯ ಡಬ್ಬಿಗಳ ಎರಡು ಪಟ್ಟು ತೂಗುತ್ತದೆ. "ವಿಪಿಎನ್ ಶೇ 60 ಡೇಟಾ ನುಂಗುತ್ತದೆ" ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅಳೆದದ್ದು ಏನನ್ನು ಎಂಬುದನ್ನು ಮಾತ್ರ ಹೇಳುತ್ತಿಲ್ಲ.

ಧ್ವನಿ ಕರೆಗೆ ವಿಪಿಎನ್ ಹಾಕುವ ಕನ್ನಡಿಗರು ಹೆಚ್ಚಾಗಿರುವುದು ದುಬೈ, ಅಬುಧಾಬಿಗಳಲ್ಲಿ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳಿವೆ. ಆದರೂ ಜೆ.ಪಿ. ನಗರದ ಅಮ್ಮನಿಗೆ ಇನ್ನೊಂದು ಆ್ಯಪ್ ಕಲಿಸುವ ತಾಳ್ಮೆಯಿಲ್ಲದ ಮಗ ಅಲ್ಲಿಂದ ವಿಪಿಎನ್ ಹಾಕಿ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡುತ್ತಾನೆ. ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಅಪರಾಧ ಎಸಗಲು ವಿಪಿಎನ್ ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಾಂವರೆಗೆ ದಂಡ ಬೀಳಬಹುದು ಎಂಬುದು ಅವನು ತಿಳಿದಿರಬೇಕಾದ ಸಂಗತಿ. ಅಮ್ಮನ ಚಿಂತೆ ಬೇರೆ: "ಅವನು ಅದೇನೋ ಹಾಕ್ಕೊಂಡು ಮಾತಾಡ್ತಾನಲ್ಲ, ನನ್ನ ನೆಟ್ಟು ಖಾಲಿ ಆಗುತ್ತೇನೋ?" ಆಗುವುದಿಲ್ಲಮ್ಮ. ಸುರಂಗ ಇರುವುದು ಅವನ ಫೋನಿನಿಂದ ವಿಪಿಎನ್ ಸರ್ವರ್‌ವರೆಗೆ. ಅಲ್ಲಿ ಡಬ್ಬಿ ಬಿಚ್ಚಿ, ಒಳಗಿನದನ್ನು ಮಾತ್ರ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ಮನೆಗೆ ಬರುವುದು ಮಾಮೂಲಿ ಕರೆಯೇ.

ಸರ್ವರ್ ದೂರ ಇದ್ದಷ್ಟೂ ಡೇಟಾ ಜಾಸ್ತಿ ಎಂಬುದು ಇನ್ನೊಂದು ನಂಬಿಕೆ. ದೂರಕ್ಕೆ ತಕ್ಕಂತೆ ಹೆಚ್ಚುವುದು ಸಮಯ. ಬೈಟುಗಳನ್ನು ಎಣಿಸುವುದು ನಿಮ್ಮ ಮೊಬೈಲ್ ಕಂಪನಿಯ ಗೇಟ್‌ವೇಯಲ್ಲಿ, ಅಲ್ಲಿಂದಾಚೆ ಅವು ಚೆನ್ನೈಗೆ ಹೋದರೂ ಒಂದೇ ಚಿಲಿಗೆ ಹೋದರೂ ಒಂದೇ. ಈ ದೂರದ ಪ್ರಶ್ನೆ ಬೆಂಗಳೂರಿಗರಿಗೆ ಸುಮ್ಮನೆ ಹುಟ್ಟಿದ್ದಲ್ಲ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಬಳಕೆಯ ಉದ್ದೇಶ ಎಲ್ಲವನ್ನೂ ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಗುರುತು ಮುಚ್ಚಿಡುವುದೇ ವ್ಯಾಪಾರವಾದವರಿಗೆ ಇದು ಅಂಗಡಿ ಮುಚ್ಚು ಎಂದಂತೆಯೇ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ, ಆಗಿನ ಐಟಿ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್, ನಿಯಮ ಒಪ್ಪದವರು ಹೊರಡಬೇಕಾಗುತ್ತದೆ ಎಂದು ಮೇ ತಿಂಗಳಲ್ಲಿ ಹೇಳಿದರು. ಹೊರಟರು ಕೂಡ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಒಂದಾದ ಮೇಲೊಂದು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಹಾಕಿದವು. ಆ್ಯಪ್‌ನ ಪಟ್ಟಿಯಲ್ಲಿ 'ಇಂಡಿಯಾ' ಎಂಬ ಆಯ್ಕೆ ಉಳಿದದ್ದುಂಟು, ಆದರೆ ಅದರ ಹಿಂದಿನ ಯಂತ್ರ ಸಿಂಗಪುರದಲ್ಲೋ ಬ್ರಿಟನ್ನಿನಲ್ಲೋ ಇರುತ್ತದೆ. ಜಯನಗರ ಮೂರನೇ ಬ್ಲಾಕಿನಲ್ಲಿ ಕೂತು ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನ ಮೆನು ನೋಡಲು ಪ್ಯಾಕೆಟ್ಟುಗಳು ಸಮುದ್ರದ ತಳದ ಕೇಬಲ್ಲಿನಲ್ಲಿ ಸಿಂಗಪುರಕ್ಕೆ ಹೋಗಿಬರುತ್ತವೆ. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಗಾಜಿನ ಎಳೆಯೊಳಗೆ ಬೆಳಕೇ ಓಡಿದರೂ ಹೋಗಿಬರಲು 30 ಮಿಲಿಸೆಕೆಂಡಿಗಿಂತ ಕಡಿಮೆಯಾಗುವುದಿಲ್ಲ.

ಈ ದೂರದ ನಿಧಾನದಿಂದ ಡೇಟಾ ಖರ್ಚು ಕಡಿಮೆಯಾಗುವ ವಿಚಿತ್ರವೂ ಉಂಟು. ವೇಗ ತಗ್ಗಿದ್ದನ್ನು ಕಂಡ ಯೂಟ್ಯೂಬ್ ತಾನಾಗಿ ವೀಡಿಯೊದ ಗುಣಮಟ್ಟ ಇಳಿಸುತ್ತದೆ, ಎಚ್‌ಡಿ ಹೋಗಿ 480ಪಿ ಬರುತ್ತದೆ, ಗಂಟೆಗೆ ನೂರಾರು ಎಂಬಿ ಉಳಿಯುತ್ತದೆ. ವಿಪಿಎನ್ ಹಾಕಿದರೆ ಡೇಟಾ ಉಳಿತಾಯವಾಯಿತು ಎಂದು ಆಣೆ ಮಾಡಿ ಹೇಳುವವರು ಕಂಡದ್ದು ಇದನ್ನೇ ಇರಬೇಕು. ಉಳಿಸಿದ್ದು ನಿಧಾನಗತಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಸ್ಟಾರ್, ಸೋನಿ, ನೆಟ್‌ಫ್ಲಿಕ್ಸ್, ಯೂಟ್ಯೂಬ್ ಎಲ್ಲ ಸೇರಿ ಮೊಬೈಲ್ ಜಾಲದಲ್ಲಿ 480ಪಿ ದಾಟುವುದಿಲ್ಲ ಎಂದು ಒಪ್ಪಿಕೊಂಡಿದ್ದವು. ಗುಣಮಟ್ಟ ಇಳಿಸಿದರೆ ಜಾಲದ ಹೊರೆ ಎಷ್ಟು ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದೇ ಕೆಲಸವನ್ನು ಯಾವ ವಿಪಿಎನ್ ಇಲ್ಲದೆ ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ ನೀವೂ ಮಾಡಿಕೊಳ್ಳಬಹುದು.

ಇಲ್ಲಿಯವರೆಗಿನದು ಪ್ರಾಮಾಣಿಕ ವಿಪಿಎನ್‌ಗಳ ಕಥೆ. ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿ ಹುಡುಗರ ಫೋನಿನಲ್ಲಿರುವುದು ಬಹುಪಾಲು ಬಿಟ್ಟಿ ವಿಪಿಎನ್. ಮೂರು ಹಾಸಿಗೆಯ ಕೋಣೆ, ಇಡೀ ಕಟ್ಟಡಕ್ಕೆ ಒಂದೇ ವೈಫೈ, ಕೆಲವು ಸೈಟುಗಳಿಗೆ ಮಾಲೀಕರ ತಡೆ, ಒಳ್ಳೆಯ ವಿಪಿಎನ್‌ಗೆ ತಿಂಗಳಿಗೆ ನೂರಾರು ರೂಪಾಯಿ ಕೊಡುವ ಮನಸ್ಸಿಲ್ಲ. 2025ರ ಜನವರಿಯಲ್ಲಿ ಸರ್ಕಾರದ ಆದೇಶದ ಮೇಲೆ ಕ್ಲೌಡ್‌ಫ್ಲೇರ್‌ನ 1.1.1.1 ಸೇರಿದಂತೆ ಹಲವು ವಿಪಿಎನ್ ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ಮಾಯವಾದವು. ವಿಪಿಎನ್ ಬಳಕೆ ಇಲ್ಲಿ ಅಪರಾಧವೇನೂ ಅಲ್ಲ. ಆದರೆ ಹೆಸರುವಾಸಿಯಾದವು ಸಿಗದಾದಾಗ ಜನ ಹೆಸರೇ ಕೇಳದವುಗಳ ಕಡೆ ತಿರುಗುತ್ತಾರೆ. ನನ್ನ ಮಟ್ಟಿಗೆ ಡೇಟಾದ ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿ.

ಡೇಟಾ ಉಳಿಸಿಕೊಡುತ್ತೇವೆಂದೇ ಬಂದ ವಿಪಿಎನ್ ಒಂದಿತ್ತು, ಹೆಸರು ಒನಾವೊ. ಇಸ್ರೇಲಿನ ಕಂಪನಿ. ಮೊಬೈಲ್ ಡೇಟಾ ದುಬಾರಿಯಾಗಿದ್ದ ಕಾಲದಲ್ಲಿ ಅದರ ಆ್ಯಪ್ ನಿಮ್ಮ ಎಲ್ಲ ಡೇಟಾವನ್ನು ತನ್ನ ಸರ್ವರ್ ಮೂಲಕ ಹಾಯಿಸಿ, ಚಿತ್ರಗಳನ್ನು ಕುಗ್ಗಿಸಿ, ಪುಟಗಳನ್ನು ಹಿಂಡಿ ಕಳಿಸುತ್ತಿತ್ತು. ಹಾಗೆ ಹಾಯಿಸುವಾಗ ಯಾರು ಯಾವ ಆ್ಯಪನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂಬುದೂ ಕಾಣುತ್ತಿತ್ತು. 2013ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ನಾಲ್ಕು ತಿಂಗಳಿಗೆ ವಾಟ್ಸ್‌ಆ್ಯಪನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿನ ಸಮಿತಿ ಬಿಡುಗಡೆ ಮಾಡಿದ ಫೇಸ್‌ಬುಕ್ಕಿನ ಒಳಗಿನ ದಾಖಲೆಗಳಲ್ಲಿ ವಾಟ್ಸ್‌ಆ್ಯಪ್ ಬಳಕೆಯ ಬಗ್ಗೆ ಒನಾವೊ ಒದಗಿಸಿದ ಅಂಕಿಅಂಶಗಳಿದ್ದವು. ಅಷ್ಟರಲ್ಲಿ ಆ್ಯಪಲ್ ಒನಾವೊದ ವಿಪಿಎನ್ ಆ್ಯಪನ್ನು ತನ್ನ ಸ್ಟೋರಿನಿಂದ ಹೊರಗೆ ಹಾಕಿಸಿತ್ತು, 2019ರಲ್ಲಿ ಫೇಸ್‌ಬುಕ್ಕೇ ಅದನ್ನು ಮುಚ್ಚಿತು. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ, ರಕ್ಷಣೆಯ ಹೆಸರು ಹೇಳಿ ಬಳಕೆದಾರರ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ ಫೇಸ್‌ಬುಕ್‌ನ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಈಗ ಯಾವುದಾದರೂ ಆ್ಯಪ್ "ಡೇಟಾ ಅರ್ಧಕ್ಕೆ ಇಳಿಸುತ್ತೇವೆ" ಎಂದರೆ ನಂಬಬೇಡಿ. ನಡುವೆ ಕೂತವನು ಕುಗ್ಗಿಸಬೇಕಾದರೆ ಒಳಗೇನಿದೆ ಎಂದು ಅವನಿಗೆ ಕಾಣಬೇಕು. ಇಂದು ಹೆಚ್ಚಿನ ಸೈಟುಗಳೂ ಆ್ಯಪ್‌ಗಳೂ ತಾವೇ ಗೂಢಲಿಪಿಯಲ್ಲಿ ಮಾತಾಡುವುದರಿಂದ ಕಾಣುವುದಿಲ್ಲ. ವೀಡಿಯೊವಂತೂ ಮೊದಲೇ ಕುಗ್ಗಿಸಿಟ್ಟದ್ದು, ಇನ್ನು ಹಿಂಡಿದರೆ ಬರುವುದಿಲ್ಲ. ಗೂಗಲ್ ಕೂಡ ಕ್ರೋಮ್‌ನಲ್ಲಿದ್ದ ಡೇಟಾ ಉಳಿತಾಯದ ಲೈಟ್ ಮೋಡನ್ನು 2022ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಇಂದಿಗೂ ಸ್ವಲ್ಪ ಉಳಿತಾಯ ಸಾಧ್ಯವಿರುವುದು ಜಾಹೀರಾತು ತಡೆಯುವ ವಿಪಿಎನ್‌ಗಳಲ್ಲಿ. ಸುದ್ದಿಯ ಪುಟ ತೆರೆದ ಕೂಡಲೇ ತಾನಾಗಿ ಓಡುವ ಜಾಹೀರಾತು ವೀಡಿಯೊ ಬರದಿದ್ದರೆ ಡಬ್ಬಿಯ ತೂಕ ಅಲ್ಲೇ ವಸೂಲಾಗುತ್ತದೆ.

ಒನಾವೊ ಕದ್ದದ್ದು ಮಾಹಿತಿ. ಡೇಟಾವನ್ನೇ ಕದಿಯುವವರು ಬೇರೆ. 2015ರ ಮೇ ತಿಂಗಳಲ್ಲಿ ಹೋಲಾ ಎಂಬ ಬಹಳ ಜನಪ್ರಿಯ ಬಿಟ್ಟಿ ವಿಪಿಎನ್‌ನ ಗುಟ್ಟು ಬಯಲಾಯಿತು. ಅದು ಗ್ರಾಹಕರನ್ನೇ ಸರ್ವರ್ ಮಾಡಿಕೊಂಡಿತ್ತು. ನೀವು ಇನ್ನೊಬ್ಬರ ಸಂಪರ್ಕದ ಮೂಲಕ ಹೊರಗೆ ಹೋಗುತ್ತೀರಿ, ಇನ್ನಾರೋ ನಿಮ್ಮ ಸಂಪರ್ಕದ ಮೂಲಕ ಹೋಗುತ್ತಾರೆ. ಅಷ್ಟೇ ಆಗಿದ್ದರೆ ಕೊಡುಕೊಳ್ಳುವಿಕೆ ಎನ್ನಬಹುದಿತ್ತು. ಆ ದಾರಿಯನ್ನು ಅದೇ ಕಂಪನಿ ಲುಮಿನಾಟಿ ಎಂಬ ಹೆಸರಿನಲ್ಲಿ ದುಡ್ಡಿಗೆ ಮಾರುತ್ತಲೂ ಇತ್ತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇನ್ನೂ ದೊಡ್ಡದನ್ನು ಹಿಡಿಯಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್, ಶೀಲ್ಡ್‌ವಿಪಿಎನ್ ಮೊದಲಾದ ಬಿಟ್ಟಿ ವಿಪಿಎನ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಂಡವರ ಸಂಪರ್ಕಗಳನ್ನೆಲ್ಲ ಸೇರಿಸಿ 911 ಎಸ್5 ಎಂಬ ಜಾಲ ಕಟ್ಟಲಾಗಿತ್ತು. ಸುಮಾರು 200 ದೇಶಗಳ 1 ಕೋಟಿ 90 ಲಕ್ಷ ಐಪಿ ವಿಳಾಸಗಳು ಅದರಲ್ಲಿದ್ದವು. ಅವುಗಳನ್ನು ಬಾಡಿಗೆಗೆ ಪಡೆದವರಲ್ಲಿ ಸೈಬರ್ ವಂಚಕರು ಬೇಕಾದಷ್ಟಿದ್ದರು. ಇಂಥದ್ದು ನಿಮ್ಮ ಯಂತ್ರದಲ್ಲಿದ್ದರೆ ಡೇಟಾ ಖಾಲಿಯಾಗುವುದು ಸಣ್ಣ ಸಂಕಟ. ಪೊಲೀಸರು ಹುಡುಕಿಕೊಂಡು ಬಂದರೆ ಅವರಿಗೆ ಸಿಗುವ ವಿಳಾಸ ನಿಮ್ಮದು. ಬಿಟ್ಟಿ ವಿಪಿಎನ್‌ಗಳ ಗುಣಮಟ್ಟದ ಬಗ್ಗೆ ಅನುಮಾನ ಇದ್ದವರಿಗೆ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನವೊಂದಿದೆ. 2016ರ ಆ ಅಧ್ಯಯನ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ನೋಡಿದಾಗ ಶೇ 18ರಷ್ಟು ಏನನ್ನೂ ಗೂಢಲಿಪಿ ಮಾಡುತ್ತಿರಲಿಲ್ಲ, ಶೇ 38ರಲ್ಲಿ ಕುತಂತ್ರಾಂಶದ ಕುರುಹು ಇತ್ತು.

ಮತ್ತೆ ಮೆಟ್ರೊದ ಲ್ಯಾಪ್‌ಟಾಪಿಗೆ ಬರೋಣ. ಅಲ್ಲಿರುವುದು ಕಂಪನಿಯ ವಿಪಿಎನ್, 2022ರ ನಿಯಮ ಅದಕ್ಕೆ ಅನ್ವಯವಾಗುವುದಿಲ್ಲ ಎಂದು ಸರ್ಕಾರವೇ ಸ್ಪಷ್ಟಪಡಿಸಿದೆ. ದೂರದ ಕಚೇರಿಗೆ ಖಾಸಗಿ ದಾರಿ ಹಾಕಿಕೊಳ್ಳುವುದರಲ್ಲಿ ಬೆಂಗಳೂರು ಹಳೆಯ ಗಿರಾಕಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಅಮೆರಿಕದ ಕಚೇರಿಯೊಂದಿಗೆ ಮಾತಾಡಲು ಸ್ವಂತ ಉಪಗ್ರಹ ಸಂಪರ್ಕವನ್ನೇ ಹಾಕಿಕೊಳ್ಳಬೇಕಾಯಿತು. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐ ಹುಟ್ಟಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಂಪನಿಗಳಿಗೂ ಅಂಥ ಸಂಪರ್ಕದ ಪಾಲು ಸಿಕ್ಕಿತು. 1996ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಭಾರತ ಮೂಲದ ಗುರ್‌ದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ಪಿಪಿಟಿಪಿ ಎಂಬ ವಿಧಾನ ರೂಪಿಸಿದರು. ಖಾಸಗಿ ತಂತಿ ಎಳೆಯದೆ, ಎಲ್ಲರ ಇಂಟರ್ನೆಟ್ಟಿನ ಮೇಲೆಯೇ ಕಚೇರಿಯ ಖಾಸಗಿ ಮಾತು ಆಡಬಹುದಾಯಿತು. ಮನೆಯಿಂದ ಕೆಲಸ ಮಾಡುವುದು ಮಾತ್ರ ನಮ್ಮಲ್ಲಿ ಕಾಗದದ ಮೇಲೆ ಬಿಗಿಯಾಗಿತ್ತು. ಬಿಪಿಒಗಳಂಥ ಕಂಪನಿಗಳು ನೌಕರರನ್ನು ಮನೆಯಿಂದ ದುಡಿಸಬೇಕಾದರೆ ಒಂದು ಕೋಟಿ ರೂಪಾಯಿ ಭದ್ರತಾ ಠೇವಣಿ ಇಡಬೇಕು, ಪರವಾನಗಿ ಇದ್ದವರಿಂದಲೇ ವಿಪಿಎನ್ ಪಡೆಯಬೇಕು ಎಂಬ ನಿಯಮವಿತ್ತು. 2020ರ ಮಾರ್ಚ್ 13ರಂದು ದೂರಸಂಪರ್ಕ ಇಲಾಖೆ ತಾತ್ಕಾಲಿಕವಾಗಿ ಅದನ್ನು ಸಡಿಲಿಸಿತು, ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಯೇ ಬಂತು. ಪಿಜಿಗಳು ಖಾಲಿಯಾಗಿ ಬಿಟಿಎಂ ಹುಡುಗರು ಹಾಸನ, ಶಿವಮೊಗ್ಗ, ಕೊಪ್ಪಳದ ಮನೆಗಳಿಂದ ಲಾಗಿನ್ ಆದರು. ಕಚೇರಿಯ ಲೀಸ್ಡ್ ಲೈನಿನ ಜಾಗಕ್ಕೆ ಅವರ ಜೇಬಿನ ರೀಚಾರ್ಜ್ ಬಂತು.

ಕಳ್ಳ ಸಿಕ್ಕುವುದು ಇಲ್ಲೇ. ಹಾಟ್‌ಸ್ಪಾಟ್‌ಗೆ ಸೇರಿದ ಲ್ಯಾಪ್‌ಟಾಪ್ ತಾನು ವೈಫೈನಲ್ಲಿದ್ದೇನೆ ಎಂದುಕೊಳ್ಳುತ್ತದೆ. ಒನ್‌ಡ್ರೈವ್ ನಿನ್ನೆಯ ಫೈಲುಗಳನ್ನು ಮೇಲೆ ಕಳಿಸಲು ಶುರುಮಾಡುತ್ತದೆ, ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ವಿಪಿಎನ್ ಸೇರಿದ್ದೇ ತಡ, ಅದಕ್ಕಾಗಿಯೇ ಕಾಯುತ್ತಿದ್ದ ಕಂಪನಿಯ ಆ್ಯಂಟಿವೈರಸ್ಸು, ಪ್ಯಾಚುಗಳೂ ಸಾಲಾಗಿ ಬರುತ್ತವೆ. ನೋಡುವವರಿಗೆ ವಿಪಿಎನ್ ಹಾಕಿದ ಕೂಡಲೇ ಡೇಟಾ ಕರಗಿದಂತೆ ಕಾಣುವುದು ಸಹಜ. ಕಂಪನಿ ಫುಲ್ ಟನೆಲ್ ಇಟ್ಟಿದ್ದರೆ ಟೀಮ್ಸ್ ಕಾಲ್‌ನಿಂದ ಹಿಡಿದು ನೀವು ಕದ್ದು ನೋಡುವ ಕ್ರಿಕೆಟ್ ಸ್ಕೋರಿನವರೆಗೆ ಎಲ್ಲಕ್ಕೂ ಡಬ್ಬಿ ಬೀಳುತ್ತದೆ. ಸ್ಪ್ಲಿಟ್ ಟನೆಲ್ ಆದರೆ ಕಚೇರಿಯ ಕಡತಗಳಿಗಷ್ಟೇ. 2020ರಲ್ಲಿ ಮೈಕ್ರೋಸಾಫ್ಟ್ ಸಹ ಟೀಮ್ಸ್ ಕರೆಗಳನ್ನು ಸುರಂಗದಿಂದ ಹೊರಗಿಡಿ ಎಂದು ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಅದು ನಿಮ್ಮ ಕೈಯಲ್ಲಿಲ್ಲ, ಐಟಿ ಹೆಲ್ಪ್‌ಡೆಸ್ಕ್‌ನವರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದು ವಿಂಡೋಸ್‌ನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತು ಹಾಕುವುದು, ಮ್ಯಾಕ್ ಆದರೆ 'ಲೋ ಡೇಟಾ ಮೋಡ್'. ಆ ಒಂದು ಟಿಕ್ಕಿನಿಂದ ಉಳಿಯುವ ಡೇಟಾದ ಮುಂದೆ ವಿಪಿಎನ್‌ನ ಐದು ಶೇಕಡಾ ಲೆಕ್ಕಕ್ಕೇ ಬಾರದು.

ದುಡ್ಡಿನ ಮಾತಿಗೆ ಬಂದರೆ ಭಾರತದಲ್ಲಿ ಒಂದು ಅನುಕೂಲವಿದೆ. ಕೆಲವು ದೇಶಗಳಲ್ಲಿ ಫೇಸ್‌ಬುಕ್ಕಿಗೋ ಸಂಗೀತದ ಆ್ಯಪಿಗೋ ಬಳಸಿದ ಡೇಟಾವನ್ನು ಕಂಪನಿಗಳು ಎಣಿಸುವುದಿಲ್ಲ. ಅಲ್ಲಿ ವಿಪಿಎನ್ ಹಾಕಿದರೆ ಅದು ಯಾವ ಆ್ಯಪ್ ಎಂದು ಗೇಟ್‌ವೇಗೆ ತಿಳಿಯದೆ, ಬಿಟ್ಟಿಯಾಗಿದ್ದದ್ದಕ್ಕೂ ಮೀಟರ್ ಓಡುತ್ತದೆ. ನಮ್ಮಲ್ಲಿ 2015ರ ನೆಟ್ ನ್ಯೂಟ್ರಾಲಿಟಿ ಚಳವಳಿಯಲ್ಲಿ ಹತ್ತು ಲಕ್ಷ ಮೀರಿ ಇಮೇಲ್‌ಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಹೋದವು, 2016ರ ಫೆಬ್ರುವರಿ 8ರಂದು ಅಂಥ ತಾರತಮ್ಯದ ದರವನ್ನು ಟ್ರಾಯ್ ನಿಷೇಧಿಸಿತು. ಹಾಗಾಗಿ ಎಲ್ಲ ಎಂಬಿಗಳಿಗೂ ಒಂದೇ ಬೆಲೆ. ಒಂದು ಕಾಲಕ್ಕೆ ಕಾಲೇಜು ಹುಡುಗರು 'ಹ್ಯಾಂಡ್ಲರ್' ಹಾಕಿದ ಬ್ರೌಸರ್‌ನಲ್ಲಿ ಕಂಪನಿಯ ಉಚಿತ ಪುಟದ ವೇಷ ತೊಟ್ಟು ನೆಟ್ ಕದಿಯುತ್ತಿದ್ದರಲ್ಲ, ಆ ವಿದ್ಯೆಗೂ ಈಗ ಬೆಲೆ ಉಳಿದಿಲ್ಲ. 2024ರ ಜುಲೈನ ದರ ಏರಿಕೆಯ ಹೊತ್ತಿಗೆ ಜಿಯೋ, ಏರ್‌ಟೆಲ್‌ಗಳು ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಯಾಕ್‌ಗಳಿಗೆ ಸೀಮಿತ ಮಾಡಿದವು. ಅಂಥ ಪ್ಯಾಕ್ ಇದ್ದು 5ಜಿ ಸಿಗ್ನಲ್ ಇದ್ದರೆ ಡಬ್ಬಿಯ ತೂಕದ ಚಿಂತೆಯೇ ಇಲ್ಲ. ಫೋನ್ 4ಜಿಗೆ ಇಳಿದ ಗಳಿಗೆ ಎಣಿಕೆ ಶುರು. ಕೋಟಾ ಮುಗಿದ ಮೇಲೆ ಸಿಗುವುದು 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 8 ಕೆಬಿ. ಆ ವೇಗದಲ್ಲಿ ವಿಪಿಎನ್ ಆಫ್ ಮಾಡಿಡುವುದೇ ವಾಸಿ. ಯುಪಿಐ ಪಾವತಿ, ಮೆಸೇಜು ಹೇಗೂ ತಮ್ಮದೇ ಗೂಢಲಿಪಿಯಲ್ಲಿ ಹೋಗುತ್ತವೆ.

ನಿಮ್ಮ ವಿಪಿಎನ್ ಎಷ್ಟು ತಿನ್ನುತ್ತದೆ ಎಂದು ಮನೆಯಲ್ಲೇ ತೂಗಿ ನೋಡಬಹುದು. ವೈಫೈ ಆಫ್ ಮಾಡಿ, ಹಿನ್ನೆಲೆಯ ಆ್ಯಪ್‌ಗಳನ್ನೆಲ್ಲ ಮುಚ್ಚಿ, ಯೂಟ್ಯೂಬ್‌ನಲ್ಲಿ ಒಂದೇ ವೀಡಿಯೊವನ್ನು ಗುಣಮಟ್ಟ 480ಪಿಗೆ ಕಟ್ಟಿಹಾಕಿ ಒಮ್ಮೆ ವಿಪಿಎನ್ ಇಲ್ಲದೆ, ಒಮ್ಮೆ ವಿಪಿಎನ್ ಹಾಕಿ ನೋಡಿ. ಆಟೊ ಗುಣಮಟ್ಟ ಬಿಟ್ಟರೆ ಲೆಕ್ಕವೆಲ್ಲ ಹಾಳು. ಆ್ಯಪ್‌ವಾರು ಪಟ್ಟಿಯನ್ನು ನಂಬಬೇಡಿ. ಕೆಲವು ಫೋನ್‌ಗಳು ಎಲ್ಲವನ್ನೂ ವಿಪಿಎನ್ ಆ್ಯಪ್‌ನ ತಲೆಗೆ ಕಟ್ಟುತ್ತವೆ, ಇನ್ನು ಕೆಲವು ಯೂಟ್ಯೂಬ್ ಹೆಸರಿನಲ್ಲೊಮ್ಮೆ ವಿಪಿಎನ್ ಹೆಸರಿನಲ್ಲೊಮ್ಮೆ ಎರಡು ಸಲ ತೋರಿಸುತ್ತವೆ. ಫೋನಿನ ಒಟ್ಟು ಮೊಬೈಲ್ ಡೇಟಾ ಅಂಕಿಯನ್ನೂ, ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಉಳಿದಿರುವ ಬಾಕಿಯನ್ನೂ ಹೋಲಿಸಿ. ವ್ಯತ್ಯಾಸ ಶೇ 10ರ ಒಳಗಿದ್ದರೆ ನಿಮ್ಮ ವಿಪಿಎನ್ ಡಬ್ಬಿಯ ತೂಕವನ್ನಷ್ಟೇ ತೆಗೆದುಕೊಳ್ಳುತ್ತಿದೆ. ಅದಕ್ಕಿಂತ ಬಹಳ ಮೀರಿದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೋಟೊಕಾಲನ್ನು ವೈರ್‌ಗಾರ್ಡ್‌ಗೆ ಬದಲಿಸಿ ಮತ್ತೆ ತೂಗಿ. ಫೋನನ್ನು ಮುಟ್ಟದೆ ಇಟ್ಟಾಗಲೂ ಅಪ್‌ಲೋಡ್ ಅಂಕಿ ಏರುತ್ತಲೇ ಇದ್ದರೆ ಮಾತ್ರ ಇನ್ನೊಂದು ಸಲ ತೂಗುವ ಗೋಜಿಗೆ ಹೋಗಬೇಡಿ, ಆ ಆ್ಯಪನ್ನು ಅವತ್ತೇ ತೆಗೆದುಹಾಕಿ.